ಇನ್ನೂರ ಮೂವತ್ತಾರನೇ ಫೋಟೋ

ಮೇ 3, ಶನಿವಾರ

ಬಲಗಾಲಿಗೆ ಪ್ಲೇಟು ಹಾಕಿ ಇವತ್ತಿಗೆ ಹನ್ನೆರಡು ದಿನ. ಎಂಟು ವಾರ ಆ ಕಾಲನ್ನು ನೆಲಕ್ಕೆ ಊರಬಾರದಂತೆ. ನಮ್ಮ ಮರದ ನುಗ್ಗೆಕಾಯಿ ಯಾರು ಕಿತ್ತುಕೊಂಡು ಹೋಗುತ್ತಿದ್ದಾರೆ ಎಂದು ನೋಡಲು ಮಹಡಿ ಮೆಟ್ಟಿಲು ಹತ್ತಿದವನು ಜಾರಿ ಬಿದ್ದೆ. ಕಳ್ಳ ಸಿಗಲಿಲ್ಲ, ಕಾಲು ಹೋಯಿತು. ಆದರೆ ಕಳ್ಳ ಇರುವುದಂತೂ ನಿಜ. ಮರದಲ್ಲಿ ಇಪ್ಪತ್ತೆರಡು ಕಾಯಿ ಇದ್ದವು, ಮಾರನೆಯ ದಿನ ಹದಿನೇಳು.

ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನಲ್ಲಿ ದುಡಿದವನು ನಾನು. ಅದರಲ್ಲಿ ಹದಿನಾರು ವರ್ಷ ಚೆಕಿಂಗ್ ಇನ್ಸ್‌ಪೆಕ್ಟರ್. ಯಾವ ಊರಿನ ಯಾವ ತಿರುವಿನಲ್ಲಿ ಮರೆಯಾಗಿ ನಿಂತರೆ ಬಸ್ಸು ಹಿಡಿಯಬಹುದು ಎಂದು ಈಗ ಕೇಳಿದರೂ ಹೇಳುತ್ತೇನೆ. ಅಂಥವನು ಹೊಸಕೋಟೆ ಕಡೆಯ ವಿಜಯಪುರದ ಈ ಹಿಂದಿನ ಕೋಣೆಯಲ್ಲಿ ಸ್ಟೂಲಿನ ಮೇಲೆ ಕಾಲು ಚಾಚಿಕೊಂಡು, ಪಕ್ಕದ ಬೀದಿಯ ರೇಷ್ಮೆ ಹುರಿ ಮಿಷನ್ನಿನ ಸದ್ದು ಕೇಳುತ್ತಾ ಕೂತಿದ್ದೇನೆ.

ಮಗ ಮುರಳಿ ಹೊಸಕೋಟೆಯಿಂದ ಬಂದು ತನ್ನ ಹಳೆಯ ಕ್ಯಾಮೆರಾ, ಒಂದು ಉದ್ದದ ಲೆನ್ಸು, ಒಂದು ಹಕ್ಕಿ ಪುಸ್ತಕ ಕೊಟ್ಟುಹೋದ. "ಕಿಟಕಿ ಹತ್ರ ಹಕ್ಕಿ ಬರ್ತವೆ, ಫೋಟೋ ತೆಗೀರಪ್ಪಾ. ಅಮ್ಮನ ತಲೆ ತಿನ್ನೋದಾದ್ರೂ ಕಮ್ಮಿ ಆಗುತ್ತೆ" ಎಂದ. ಕೊನೆಯ ಮಾತು ಅವನದಲ್ಲ, ಅವಳು ಹೇಳಿಕೊಟ್ಟದ್ದು. ಇವರಿಬ್ಬರೂ ಫೋನಿನಲ್ಲಿ ನನ್ನ ಬಗ್ಗೆ ಮಾತಾಡಿಕೊಳ್ಳುತ್ತಾರೆ.

ಮೇ 5, ಸೋಮವಾರ

ಹಕ್ಕಿಯ ಫೋಟೋ ತೆಗೆಯುವುದೂ ಚೆಕಿಂಗ್ ಕೆಲಸದ ಹಾಗೇ. ನಾವು ಕಾಣಬಾರದು, ಅವು ಕಾಣಬೇಕು. ಕಿಟಕಿಯ ಸೊಳ್ಳೆ ಜಾಲರಿ ಬಿಚ್ಚಿಸಿದೆ. ಹೆಂಡತಿ ತಾಯಮ್ಮನ ಹಳೇ ಕಪ್ಪು ಸೀರೆಯನ್ನು ಅಡ್ಡ ಇಳಿಬಿಟ್ಟು, ಲೆನ್ಸು ತೂರುವಷ್ಟು ಮಧ್ಯದಲ್ಲಿ ಕತ್ತರಿಸಿದೆ. ಲೆನ್ಸು ಅಲುಗಬಾರದಲ್ಲ, ಅದಕ್ಕೆ ಒಂದು ಬಟ್ಟೆಯ ಚೀಲದಲ್ಲಿ ಎರಡು ಸೇರು ರಾಗಿ ತುಂಬಿಸಿ ಕಿಟಕಿಯ ಕಟ್ಟೆ ಮೇಲೆ ಇಟ್ಟುಕೊಂಡೆ. "ಸೀರೆನೂ ಹೋಯ್ತು, ರಾಗಿನೂ ಹೋಯ್ತು" ಎಂದು ತಾಯಮ್ಮ ಗೊಣಗಿದಳು. ಕ್ಯಾಮೆರಾ ಮಾತ್ರ ಮುಟ್ಟಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದ್ದೇನೆ.

ಕ್ಯಾಮೆರಾದ ಗಡಿಯಾರ ಕೆಟ್ಟಿದೆ. ಬ್ಯಾಟರಿ ತೆಗೆದಾಗಲೆಲ್ಲ 2012ನೇ ಇಸವಿಯ ಜನವರಿ ಒಂದಕ್ಕೆ ಹೋಗಿ ನಿಲ್ಲುತ್ತದೆ. ಅದನ್ನು ನಂಬಿ ಕೂರುವವನು ನಾನಲ್ಲ. ಪ್ರತಿ ಫೋಟೋಗೂ ಒಂದು ನಂಬರು ಬೀಳುತ್ತದೆ, ಅಷ್ಟು ಸಾಕು. ಒಂದು ನೋಟ್‌ಬುಕ್ಕಿನಲ್ಲಿ, ಕಂಡಕ್ಟರುಗಳು ಟಿಕೆಟ್ ಲೆಕ್ಕ ಬರೆಯುವ ವೇಬಿಲ್ಲಿನ ಹಾಗೇ ಗೆರೆ ಎಳೆದು, ದಿನಾ ಬೆಳಗ್ಗೆ ಓಪನಿಂಗ್ ನಂಬರು, ಅಂದರೆ ಆ ದಿನದ ಮೊದಲ ಫೋಟೋಗೆ ಬೀಳುವ ನಂಬರು, ಬರೆಯುವುದು ಎಂದು ನಿಶ್ಚಯಿಸಿದೆ. ಕ್ಲೋಸಿಂಗ್ ನಂಬರು ಬೇಕಿಲ್ಲ. ಇಲ್ಲಿ ಕಂಡಕ್ಟರೂ ನಾನೇ, ಇನ್ಸ್‌ಪೆಕ್ಟರೂ ನಾನೇ. ನಾಳೆಯ ಓಪನಿಂಗ್ ಎಂದರೆ ಇವತ್ತಿನ ಕ್ಲೋಸಿಂಗ್ ಅಷ್ಟೇ. ಬೆಳಗ್ಗೆ ಆರರಿಂದ ಎಂಟರವರೆಗೆ ನನ್ನ ಡ್ಯೂಟಿ. ಮಧ್ಯಾಹ್ನದ ಮೇಲೆ ಕಾಲು ಬಾತುಕೊಳ್ಳುತ್ತದೆ, ಮುಂದಿನ ಹಾಲಿನಲ್ಲಿ ದಿಂಬಿನ ಮೇಲೆ ಕಾಲು ಎತ್ತಿಟ್ಟು ಮಲಗಲೇಬೇಕು.

ಹೊಸಕೋಟೆ ಲೈನಿನ ಕಂಡಕ್ಟರ್ ವೆಂಕಟರಮಣಪ್ಪನನ್ನು ಹಿಡಿದದ್ದು ಈ ನಂಬರಿನಿಂದಲೇ. ವೇಬಿಲ್ಲಿಗೂ ಅವನ ಕೈಯಲ್ಲಿದ್ದ ಟಿಕೆಟ್ಟಿಗೂ ಒಂಬತ್ತು ನಂಬರು ವ್ಯತ್ಯಾಸ. "ಹಿಂದಿನ್ ಟ್ರಿಪ್ ಮುಗ್ದಾಗ ನಂಬರ್ ಬರ‍್ಯೋದ್ ಮರ್ತೆ ಸಾರ್" ಎಂದು ಕೈಮುಗಿದ. ಮರೆತೆ ಅನ್ನುವ ಕಾಲಂ ವೇಬಿಲ್ಲಿನಲ್ಲಿ ಇಲ್ಲ ಎಂದೆ. ಸಸ್ಪೆಂಡ್ ಆದ. ನಂಬರು ಸುಳ್ಳು ಹೇಳುವುದಿಲ್ಲ.

ಮೇ 8, ಗುರುವಾರ

ಓಪನಿಂಗ್ 71. ಪಿಕಳಾರ ಎರಡು, ಮಡಿವಾಳ ಹಕ್ಕಿ ಒಂದು. ಮಡಿವಾಳನಿಗೆ ಬಾಲ ನೆಟ್ಟಗೆ ಎತ್ತುವ ಚಟ. ಎತ್ತಿದಾಗ ಒಂದೂ ಸಿಗಲಿಲ್ಲ, ಇಳಿಸಿದಾಗಿನದೇ ಹನ್ನೆರಡು.

ಬ್ಯಾಟರಿ ಎರಡು ದಿನಕ್ಕೆ ಖಾಲಿ. ಮೂರು ದಿನ ಬರುತ್ತದೆ ಎಂದು ಮುರಳಿ ಹೇಳಿದ್ದ. ಸತ್ತ ಬ್ಯಾಟರಿ ಅಪ್ಪನಿಗೆ ದಾಟಿಸಿದ್ದಾನೆ. ಹಾಲಿಗೂ ನೀರು ಬೀಳುತ್ತಿದೆ, ಇವತ್ತು ಕಾಫಿಯಲ್ಲಿ ಗೊತ್ತಾಯಿತು.

ಮೇ 10, ಶನಿವಾರ

ದಾಸವಾಳದ ಗಿಡದಲ್ಲಿ ಗೂಡು! ಕಿಟಕಿಯಿಂದ ಎಂಟು ಅಡಿಯೂ ಇಲ್ಲ. ಹೆಬ್ಬೆರಳಿನಷ್ಟು ಹಕ್ಕಿ, ಬಾಗಿದ ಕೊಕ್ಕು. ಪುಸ್ತಕದಲ್ಲಿ ಸೂರಕ್ಕಿ ಎಂದಿದೆ, ತಾಯಮ್ಮ ಹೂಗುಬ್ಬಿ ಅನ್ನುತ್ತಾಳೆ. ಒಣ ಎಲೆ, ನಾರು, ಜೇಡರ ಬಲೆ ಸೇರಿಸಿ ಜೋಲಿಯ ಹಾಗೆ ಕಟ್ಟಿ ತೂಗುಹಾಕಿದೆ. ನಾನು ಇಷ್ಟು ದಿನ ಅದನ್ನು ಗಿಡಕ್ಕೆ ಸಿಕ್ಕಿಕೊಂಡ ಕಸ ಎಂದುಕೊಂಡಿದ್ದೆ. ಕಣ್ಣಮುಂದೆಯೇ ಇದ್ದು ಮೋಸ ಮಾಡುವುದೆಂದರೆ ಇದು.

ಆದರೆ ಎರಡು ರೆಂಬೆ ಅಡ್ಡ. ತಾಯಮ್ಮನಿಗೆ ಕುಡುಗೋಲು ಕೊಟ್ಟು ಕತ್ತರಿಸು ಎಂದೆ.

"ಬ್ಯಾಡ ಕಣ್ರೀ. ಮರೆ ಐತೆ ಅಂತ್ಲೇ ಅಲ್ಲಿ ಕಟ್ಟೈತೆ ಅದು."

"ನಾನೇನ್ ಗೂಡ್ ಕೀಳು ಅಂದ್ನಾ? ಎರಡು ರೆಂಬೆ ಅಷ್ಟೇ."

ಕತ್ತರಿಸಿದಳು. ಈಗ ಗೂಡಿನ ಬಾಯಿ ಸ್ಪಷ್ಟವಾಗಿ ಕಾಣುತ್ತದೆ. ಅದರ ಹಿಂದೆ, ಓಣಿಯಾಚೆ, ಬೈರೇಶನ ಮನೆಯ ಹಿಂಬಾಗಿಲ ಗೇಟೂ ಕಾಣುತ್ತದೆ. ಅದು ಇಷ್ಟು ವರ್ಷ ನಮಗೆ ಕಾಣುತ್ತಿರಲಿಲ್ಲ.

ಬೈರೇಶ ದ್ರಾಕ್ಷಿ ತೋಟದವನು. ಅವನ ಹೆಂಡತಿ ಮುನಿಲಕ್ಷ್ಮಮ್ಮ ನನಗೆ ಕಾಲು ಮುರಿದಾಗಿನಿಂದ ದಿನಾ ಒಂದು ಬಟ್ಟಲು ಸಾರು ನಮ್ಮ ಹಿತ್ತಲ ಗೋಡೆ ಮೇಲೆ ಇಟ್ಟುಹೋಗುತ್ತಾಳೆ. ಏನೂ ಬೇಡದವರು ದಿನಾ ಯಾಕೆ ಕೊಡುತ್ತಾರೆ? ಒಬ್ಬಳೇ ಮಗಳು ಅಕ್ಷತ, ಏರ್‌ಪೋರ್ಟ್ ಹತ್ತಿರದ ಯಾವುದೋ ಸರಕು ಕಂಪನಿಯಲ್ಲಿ ಕೆಲಸ. ನನ್ನನ್ನು ದೊಡ್ಡಪ್ಪ ಅನ್ನುತ್ತಾಳೆ. ಚಿಕ್ಕವಳಿದ್ದಾಗ ನನ್ನ ಸೀಟಿ ಊದಿ ಊದಿ ಬೀದಿಯ ನಾಯಿಗಳನ್ನೆಲ್ಲ ಸೇರಿಸುತ್ತಿದ್ದಳು.

ಮೇ 12, ಸೋಮವಾರ

ರಾಗಿ ಚೀಲ ನಾನು ಇಟ್ಟ ಜಾಗದಲ್ಲಿ ಇಲ್ಲ. ನಾಲ್ಕು ಬೆರಳು ಎಡಕ್ಕೆ ಸರಿದಿದೆ. ಮುದ್ದೆಗೆ ಇದರಿಂದಲೇ ರಾಗಿ ತೆಗೆಯುತ್ತಿದ್ದಾಳೆ ಎಂದು ಅನುಮಾನ ಬಂದು ತಕ್ಕಡಿಯಲ್ಲಿ ತೂಗಿಸಿದೆ. ತೂಕ ಸರಿಯಾಗೇ ಇತ್ತು. ತಾಯಮ್ಮ ತೂಗುವಾಗ ನನ್ನ ಮುಖ ನೋಡಲಿಲ್ಲ. ಏನೋ ಇದೆ.

ಮೇ 14, ಬುಧವಾರ

ರಾತ್ರಿಯೆಲ್ಲ ಮಳೆ. ಎದ್ದಾಗಿನಿಂದ ಮೋಡ, ಎಂಟಾದರೂ ಬಿಸಿಲಿಲ್ಲ. ಓಪನಿಂಗ್ 228. ನಾಲ್ಕೇ ಫೋಟೋ ತೆಗೆದು ಬಿಟ್ಟೆ.

ಮೇ 15, ಗುರುವಾರ

ಓಪನಿಂಗ್ 241. ಹೆಣ್ಣು ಸೂರಕ್ಕಿ ಗೂಡಿನೊಳಗೆ ಕೂತು ಕೊಕ್ಕು ಮಾತ್ರ ಹೊರಗಿಟ್ಟಿತ್ತು. ಮೊಟ್ಟೆ ಇಟ್ಟಿರಬೇಕು.

ಮೇ 17, ಶನಿವಾರ

ಕಾಗೆ. ಬೆಳಗ್ಗೆ ಏಳಕ್ಕೆ ಬಂದು ಕತ್ತರಿಸಿದ ರೆಂಬೆಯ ಮೋಟಿನ ಮೇಲೆಯೇ ಕೂತು ಗೂಡನ್ನು ಎಳೆದು ಹರಿದು ಹಾಕಿತು. ನಾನು ಕೂಗಿದೆ, ಊರುಗೋಲಿನಿಂದ ಕಿಟಕಿಯ ಸರಳು ಬಡಿದೆ. ಎದ್ದು ಓಡಲು ಕಾಲಿಲ್ಲ. ಎರಡು ಸೂರಕ್ಕಿಗಳೂ ಕಾಗೆಯ ತಲೆಯ ಸುತ್ತ ಚಿಕ್ ಚಿಕ್ ಎಂದು ಹಾರಾಡಿದವು. ಎರಡು ನಿಮಿಷದ ಕೆಲಸ.

ತಾಯಮ್ಮ ಬಂದು ನೋಡಿದಳು. ನಾನು ಹೇಳಿದ್ದೆ ಎಂದು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಈ ಕಾಗೆಗೆ ಬೈರೇಶನ ಮನೆಯವರು ಮಾಡಿನ ಮೇಲೆ ದಿನಾ ಅನ್ನ ಹಾಕಿ ರೂಢಿ ಮಾಡಿಸಿದ್ದಾರೆ, ಅದಕ್ಕೇ ಇಲ್ಲಿ ಸುತ್ತುತ್ತದೆ.

ಮೇ 18, ಭಾನುವಾರ

ಮುರಳಿ ಬಂದು ಕ್ಯಾಮೆರಾವನ್ನು ಟೀವಿಗೆ ಜೋಡಿಸಿಕೊಟ್ಟ. ಅವರಮ್ಮನೂ ಅವನೂ ಊಟಕ್ಕೆ ಎದ್ದುಹೋದ ಮೇಲೆ ನಾನೊಬ್ಬನೇ ಒಂದೊಂದಾಗಿ ನೋಡುತ್ತಾ ಕೂತೆ.

ಇನ್ನೂರ ಮೂವತ್ತಾರು. ಮುಂದೆ ಗಂಡು ಸೂರಕ್ಕಿ, ಕತ್ತಿನ ಬಣ್ಣ ಫಳಫಳ. ನನ್ನ ಕೈಯಿಂದ ಇಷ್ಟು ಒಳ್ಳೆಯ ಫೋಟೋ ಬಂದದ್ದು ನನಗೇ ನೆನಪಿಲ್ಲ. ಹಿಂದೆ ಬೈರೇಶನ ಗೇಟು. ಗೇಟಿನ ಮುಂದೆ ಒಂದು ಬೈಕು, ಹೆಲ್ಮೆಟ್ ಹಾಕಿದ ಹುಡುಗ, ಹಿಂದಿನ ಸೀಟಿನಿಂದ ಇಳಿಯುತ್ತಿರುವ ಅಕ್ಷತ. ಹೆಗಲಲ್ಲಿ ಚೀಲ. ಒಂದು ಕೈ ಆ ಹುಡುಗನ ಭುಜದ ಮೇಲೆ.

ನೋಟ್‌ಬುಕ್ ತೆಗೆದು ನೋಡಿದೆ. ಹದಿನಾಲ್ಕಕ್ಕೆ ಓಪನಿಂಗ್ 228, ಹದಿನೈದಕ್ಕೆ 241. ಅಂದರೆ ಈ ಫೋಟೋ ಹದಿನಾಲ್ಕನೇ ತಾರೀಕು ಬುಧವಾರದ್ದು. ನನ್ನ ಡ್ಯೂಟಿ ಬೆಳಗ್ಗೆ ಮಾತ್ರ. ಬೆಳಗ್ಗೆ ಆರರಿಂದ ಎಂಟರೊಳಗೆ, ಹಿಂದಿನ ಗೇಟಿನಲ್ಲಿ, ಬೈಕಿನಲ್ಲಿ ಬಂದು ಇಳಿದಿದ್ದಾಳೆ. ರಾತ್ರಿಯೆಲ್ಲ ಮಳೆ ಬಂದಿತ್ತಲ್ಲ, ಆಗ ಎಲ್ಲಿದ್ದಳು? ಬೈರೇಶನಿಗೆ ಗೊತ್ತಿದೆಯೋ ಇಲ್ಲವೋ?

ಮುರಳಿಗೆ ಹೇಳಲಿಲ್ಲ. ತಾಯಮ್ಮನಿಗಂತೂ ಹೇಳುವುದೇ ಇಲ್ಲ, ಒಂದು ಗಂಟೆಯಲ್ಲಿ ಗೋಡೆ ದಾಟುತ್ತದೆ. ದಿನಾ ಬರುವ ಸಾರಿನ ಅರ್ಥ ಈಗ ಆಗುತ್ತಿದೆ. ಎದುರು ಕಿಟಕಿಯವನ ಬಾಯಿ ಕಟ್ಟಲು ಬಟ್ಟಲು ಸಾರು.

ಮೇ 22, ಗುರುವಾರ

ಸೂಲಿಬೆಲೆಯಿಂದ ಅಪ್ಪಯ್ಯಣ್ಣ ಎಂಬುವರು ಬಂದಿದ್ದರು. ತಾಯಮ್ಮ ಸಂತೆಗೆ ಹೋಗಿದ್ದಳು. ಡೈರಿಯ ಯಜಮಾನರು, ಬಿಳಿ ಪಂಚೆ, ಬಾಗಿಲಲ್ಲೇ ಚಪ್ಪಲಿ ಬಿಟ್ಟು ಮರ್ಯಾದೆಯಿಂದ ಕೂತರು. ತಮ್ಮನ ಮಗ ನವೀನ್‌ಕುಮಾರ್‌ಗೆ ಅಕ್ಷತಳನ್ನು ನೋಡಿದ್ದಾರಂತೆ. ಹುಡುಗ ಒಪ್ಪಿದ್ದಾನೆ, ಹುಡುಗಿ ಒಪ್ಪಿದ್ದಾಳೆ, ಆಷಾಢ ಬರುವುದರೊಳಗೆ ಒಪ್ಪಿಗೆ ಶಾಸ್ತ್ರ ಮಾಡಬೇಕು. ಅದಕ್ಕೆ ಮೊದಲು ಅಕ್ಕಪಕ್ಕದಲ್ಲಿ ಒಂದು ಮಾತು ವಿಚಾರಿಸೋಣ ಎಂದು ಬಂದದ್ದು. ಇದು ಎಲ್ಲ ಕಡೆ ಇರುವ ಪದ್ಧತಿಯೇ. ಮುರಳಿಗೆ ಹೆಣ್ಣು ನೋಡಿದಾಗ ನಾನೂ ನಾಲ್ಕು ಮನೆಯಲ್ಲಿ ಕೇಳಿದ್ದೆ.

"ನೀವು ಗೌರ್ಮೆಂಟ್ ಕೆಲ್ಸದಲ್ಲಿದ್ದೋರು. ಇದ್ದುದ್ದು ಇದ್ದಂಗೆ ಹೇಳ್ತೀರ ಅಂದ್ರು ಜನ. ಹುಡ್ಗಿ ಹೆಂಗೆ ಸಾರ್?"

ನನ್ನ ಕೈ ನೋಟ್‌ಬುಕ್ಕಿನ ಕಡೆ ಹೋಯಿತು. ಅವರಿಗೆ ಅಷ್ಟೇ ಸಾಕಾಯಿತು. "ಯಾಕ್ ಸಾರ್, ಏನಾರ ಐತಾ?" ಎಂದು ಮುಂದಕ್ಕೆ ಬಾಗಿದರು.

ಫೋಟೋ ತೋರಿಸಿದೆ. ತಾರೀಕು ಹೇಳಿದೆ, ಹೊತ್ತು ಹೇಳಿದೆ, ನೋಟ್‌ಬುಕ್ಕನ್ನೂ ಮುಂದಿಟ್ಟೆ. ನನ್ನ ಕಡೆಯಿಂದ ಒಂದು ಮಾತೂ ಸೇರಿಸಲಿಲ್ಲ. ಅವರು ತಮ್ಮ ಫೋನಿನಲ್ಲಿ ಆ ಫೋಟೋದ ಫೋಟೋ ಹೊಡೆದುಕೊಂಡರು. ಹೋಗುವಾಗ ನನ್ನ ಎರಡೂ ಕೈ ಹಿಡಿದುಕೊಂಡು "ದೊಡ್ಡ ಉಪ್ಕಾರ ಆಯ್ತು" ಎಂದರು.

ರಿಟೈರ್ ಆದ ಮೇಲೆ ಇಷ್ಟು ಮರ್ಯಾದೆಯಿಂದ ಯಾರೂ ನನ್ನನ್ನು ಏನನ್ನೂ ಕೇಳಿರಲಿಲ್ಲ. ಮಧ್ಯಾಹ್ನ ಊಟ ಚೆನ್ನಾಗಿ ಸೇರಿತು.

ಮೇ 27, ಮಂಗಳವಾರ

ಜಾತಕ ಕೂಡಿಬರಲಿಲ್ಲ ಎಂದು ಸೂಲಿಬೆಲೆಯವರು ಹೇಳಿಕಳಿಸಿದರಂತೆ. ತಾಯಮ್ಮ ಪಾತ್ರೆ ತೊಳೆಯುತ್ತಾ ಹೇಳಿದಳು. "ಜಾತ್ಕ ಮೊದ್ಲೇ ನೋಡಿದ್ರು ಕಣ್ರೀ. ಯಾರೋ ಏನೋ ಹೇಳವ್ರೆ. ಅವ್ರ ನಾಲ್ಗೆ ಸೇದೋಗ."

ನಾನು ಪೇಪರ್ ಓದುತ್ತಿದ್ದೆ.

ಗೋಡೆಯ ಮೇಲೆ ಸಾರು ಬಂದಿರಲಿಲ್ಲ. ಅನುಮಾನ ನಿಜ ಎನ್ನುವುದಕ್ಕೆ ಇದಕ್ಕಿಂತ ಬೇಕೆ? ಲಾಭವಿಲ್ಲ ಎಂದಾದ ಮೇಲೆ ಬಟ್ಟಲೂ ಇಲ್ಲ.

ಮೇ 28, ಬುಧವಾರ

ಸಾರು ಬಂತು. ಹುರುಳಿ ಕಾಳಿನದು. ನಿನ್ನೆ ಮಗಳು ಊಟ ಬಿಟ್ಟು ಮಲಗಿದ್ದಳು, ಒಲೆ ಹಚ್ಚಲು ಮನಸ್ಸಾಗಲಿಲ್ಲ ಎಂದು ಮುನಿಲಕ್ಷ್ಮಮ್ಮ ತಾಯಮ್ಮನ ಹತ್ತಿರ ಹೇಳಿದಳಂತೆ.

ನನಗೆ ಹಸಿವಿಲ್ಲ ಎಂದೆ.

ಜೂನ್ 3, ಮಂಗಳವಾರ

ಈ ಹೊತ್ತು ನಡೆದದ್ದನ್ನು ಕ್ರಮವಾಗಿ ಬರೆಯಬೇಕು.

ಕಾಲಿನ ಬಾವು ಇಳಿದಿದೆ. ಕೊಳಾಯಿ ರಿಪೇರಿಯವನು ಹಾಲಿನಲ್ಲಿ ಸಾಮಾನು ಹರಡಿದ್ದರಿಂದ ಸಾಯಂಕಾಲ ಮೊದಲ ಸಲ ಕಿಟಕಿಯ ಹತ್ತಿರ ಕೂತೆ. ಆರು ಗಂಟೆ ಕಳೆದಿತ್ತು. ಸೂರ್ಯ ಬೈರೇಶನ ತೆಂಗಿನಮರದ ಹಿಂದೆ ಇಳಿದು ಓಣಿಗೆಲ್ಲ ಅರಿಸಿನ ನೀರು ಚೆಲ್ಲಿದಂತಾಗಿತ್ತು. ಗೇಟಿನ ಕಂಬಿಗಳ ನೆರಳು ಉದ್ದಕ್ಕೆ ನಮ್ಮ ಮನೆಯ ಕಡೆಗೆ ಚಾಚಿತ್ತು. ಗಂಡು ಸೂರಕ್ಕಿ ದಾಸವಾಳಕ್ಕೆ ಬಂತು, ಕತ್ತು ಫಳಕ್ಕೆಂದಿತು. ಈ ಬೆಳಕನ್ನು ನಾನು ಎಲ್ಲೋ ನೋಡಿದ್ದೇನೆ ಅನ್ನಿಸಿತು.

ಒಂದು ತಿಂಗಳು ದಿನಾ ಬೆಳಗ್ಗೆ ಇಲ್ಲಿ ಕೂತಿದ್ದೇನೆ. ಬೆಳಗ್ಗೆ ನಮ್ಮ ಮನೆಯ ನೆರಳೇ ದಾಸವಾಳದ ಮೇಲೆ ಬಿದ್ದಿರುತ್ತದೆ. ಸೂರಕ್ಕಿ ಬೆಳಗ್ಗೆ ಕಪ್ಪಗೇ ಕಾಣುತ್ತದೆ, ಎಂದೂ ಫಳಫಳ ಅನ್ನುವುದಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ನೋಡಲಿಲ್ಲ.

ಇನ್ನೂರ ಮೂವತ್ತಾರನ್ನು ತೆಗೆದೆ. ಬೈಕಿನ ನೆರಳು ನಮ್ಮ ಕಡೆಗೆ ಬಿದ್ದಿದೆ.

ಈ ದಿನಚರಿಯನ್ನು ಹಿಂದಕ್ಕೆ ತಿರುವಿದೆ. ಹದಿನಾಲ್ಕನೇ ತಾರೀಕು ನನ್ನದೇ ಅಕ್ಷರ: ಎಂಟಾದರೂ ಬಿಸಿಲಿಲ್ಲ, ನಾಲ್ಕೇ ಫೋಟೋ ತೆಗೆದು ಬಿಟ್ಟೆ. ಇನ್ನೂರ ಇಪ್ಪತ್ತೆಂಟರಿಂದ ನಾಲ್ಕು ಎಂದರೆ ಇನ್ನೂರ ಮೂವತ್ತೊಂದಕ್ಕೆ ಮುಗಿಯಿತು. ಮಾರನೆಯ ಓಪನಿಂಗ್ 241. ಮಧ್ಯದ ಒಂಬತ್ತು ಯಾರವು?

"ತಾಯಮ್ಮಾ" ಎಂದು ಕೂಗಿದೆ. ಕ್ಯಾಮೆರಾ ನನ್ನ ತೊಡೆಯ ಮೇಲಿದ್ದುದನ್ನು ಕಂಡದ್ದೇ ಅವಳ ಮುಖ ಇಳಿದುಹೋಯಿತು.

"ನಾನೇ ಕಣ್ರೀ. ಸಾಯಂಕಾಲ ನೀವು ಮಲ್ಗಿರ್ತಿದ್ರಲ್ಲ, ಆಗ. ದಿನಾ ಏನಿಲ್ಲ, ಮೂರೋ ನಾಕೋ ದಿನ ಅಷ್ಟೆ. ಮೂವತ್ನಾಕು ವರ್ಷ ಆ ಹಿತ್ತಲಲ್ಲಿ ಪಾತ್ರೆ ಉಜ್ಜಿದೀನಿ, ಒಂದು ಹಕ್ಕಿ ಮಖ ಸರ‍್ಯಾಗಿ ನೋಡಿರ್ಲಿಲ್ಲ. ಆ ತೂತಲ್ಲಿ ನೋಡಿದ್ರೆ ಅದ್ರ ಕಣ್ರೆಪ್ಪೆ ಸೈತ ಕಾಣುಸ್ತೈತೆ. ಬೈತೀರ ಅಂತ ಹೇಳ್ಲಿಲ್ಲ."

ಬ್ಯಾಟರಿ. ರಾಗಿ ಚೀಲ. ಎಲ್ಲ ತಾಳೆಯಾಯಿತು.

"ಇದ್ರಲ್ಲಿ ಹಿಂದೆ ಯಾರಿದಾರೆ ನೋಡು" ಎಂದೆ.

"ಅಕ್ಷತ. ಆವತ್ತು ಸಾಯಂಕಾಲ ಕೆಲ್ಸದಿಂದ ಬಂತು. ಬಸ್ ಸಿಗ್ಲಿಲ್ಲ ಅಂತ ಜತೆ ಕೆಲ್ಸ ಮಾಡೋ ಹುಡ್ಗ ಬಿಟ್ಟೋದ. ನಾನೇ ಇಲ್ಲಿಂದ ಕೂಗಿ ಮಾತಾಡುಸ್ದೆ. ಯಾಕೆ?"

ಯಾಕೆ ಎಂದು ಹೇಳಿದೆ. ಎಲ್ಲವನ್ನೂ ಹೇಳಿದೆ. ಅವಳು ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು. ಆಮೇಲೆ, "ನಾನ್ ತೆಗ್ದ ಫೋಟೋ ಅದು. ನಾನ್ ಆಸೆಪಟ್ಟು ತೆಗ್ದಿದ್ದು" ಎಂದಳು.

ಜೂನ್ 4, ಬುಧವಾರ

ವೆಂಕಟರಮಣಪ್ಪನ ವ್ಯತ್ಯಾಸವೂ ಒಂಬತ್ತೇ ಇತ್ತು. ಬೆಳಗ್ಗೆಯಿಂದ ಅವನ ಮುಖವೇ ಕಣ್ಣಮುಂದೆ. ಸೂಲಿಬೆಲೆ ಗೇಟಿನ ಹತ್ತಿರ, ಬಿಸಿಲಲ್ಲಿ, ಪ್ರಯಾಣಿಕರೆಲ್ಲ ಕಿಟಕಿಯಿಂದ ಇಣುಕುತ್ತಿದ್ದಾಗ ಕೈಮುಗಿದು ನಿಂತಿದ್ದ. ಅವನು ಕಳ್ಳನೇ ಇರಬಹುದು. ಇಲ್ಲದೆಯೂ ಇರಬಹುದು. ನಾನು ಒಂದು ನಿಮಿಷವೂ ಆ ಎರಡನೆಯದನ್ನು ಯೋಚಿಸಲಿಲ್ಲ.

ಫೋಟೋ ತೋರಿಸಿದವನು ನಾನು ಎಂದು ಬೈರೇಶನಿಗೆ ಗೊತ್ತಿಲ್ಲ. ಸುಮ್ಮನಿದ್ದರೆ ಮುಗಿಯಿತು. ತಾಯಮ್ಮನ ಬಾಯಿ ಕಟ್ಟಿದರೆ ಸಾಕು. ಆದರೆ ಅವಳು ನಿನ್ನೆಯಿಂದ ನನ್ನ ಹತ್ತಿರ ಮಾತಾಡುತ್ತಿಲ್ಲ, ಕಟ್ಟುವುದಕ್ಕೆ ಬಾಯಿ ಬಿಡಬೇಕಲ್ಲ. ತಪ್ಪು ರಿಪೋರ್ಟ್ ಬರೆದರೆ ಅದನ್ನು ರದ್ದು ಮಾಡಬೇಕಾದವನು ಬರೆದವನೇ. ಅಷ್ಟು ನಿಯಮ ನನಗೂ ಗೊತ್ತಿದೆ.

ಜೂನ್ 6, ಶುಕ್ರವಾರ

ಆಟೋ ಮಾಡಿಕೊಂಡು ಸೂಲಿಬೆಲೆಗೆ ಹೋದೆ. ವಾಕರ್ ಹಿಡಿದು ಒಂಟಿ ಕಾಲಿನಲ್ಲಿ ಅಪ್ಪಯ್ಯಣ್ಣನವರ ಜಗಲಿ ಹತ್ತುವಷ್ಟರಲ್ಲಿ ಅಂಗಿ ಒದ್ದೆಯಾಗಿತ್ತು. ಮಜ್ಜಿಗೆ ತರಿಸಿದರು.

"ನಾನು ಹೇಳಿದ್ದು ತಪ್ಪು. ಅದು ಸಾಯಂಕಾಲದ ಫೋಟೋ" ಎಂದೆ. ನೋಟ್‌ಬುಕ್ ತೆಗೆದು ಒಂಬತ್ತು ನಂಬರಿನ ಲೆಕ್ಕ ತೋರಿಸಿದೆ, ನೆರಳು ತೋರಿಸಿದೆ.

ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಕೊನೆಗೆ ನಕ್ಕರು. "ಹೋಗ್ಲಿ ಬಿಡಿ ಸಾರ್. ಹುಡ್ಗಿ ಕಡೇರು ಬಂದು ಅತ್ತಿರ್ತಾರೆ, ನಿಮ್ಗೂ ಮನ್ಸು ಕರಗಿರ್ತದೆ. ಅಕ್ಕಪಕ್ಕ ಬಾಳ್ಬೇಕಲ್ಲ."

"ಯಾರೂ ಬಂದಿಲ್ಲ. ಅವ್ರಿಗೆ ಗೊತ್ತೇ ಇಲ್ಲ."

"ಆಯ್ತು ಸಾರ್, ನಾನು ನಂಬ್ತೀನಿ. ಮನೇಲಿ ಯಾರು ನಂಬ್ತಾರೆ? ಮೊದ್ಲು ಬಾಯಿಂದ ಬಂದಿದ್ದೇ ನಿಜ ಅಂತಾರೆ. ಅದೂ ಅಲ್ದೆ ಚಿಂತಾಮಣಿ ಕಡೆ ಒಂದು ಹೆಣ್ಣು ಒಪ್ಪಿದೀವಿ."

"ನಿಮ್ಮ ಫೋನಿನಲ್ಲಿರೋ ಫೋಟೋನಾದ್ರೂ ಅಳಿಸಿ."

"ನನ್ ಫೋನಿಂದ ಅಳುಸ್ಬೋದು. ಅದು ಆಗ್ಲೇ ನಾಕು ಜನಕ್ಕೆ ಹೋಗೈತಲ್ಲ ಸಾರ್."

ನಾನು ಮಾತು ಬದಲಿಸಿದವನ ಹಾಗೆ, ಸಿಕ್ಕಿಬಿದ್ದ ಕಂಡಕ್ಟರಿನ ಹಾಗೆ ಅವರು ನನ್ನನ್ನು ನೋಡುತ್ತಿದ್ದರು. ಆ ನೋಟ ಇನ್ನೊಂದು ಕಡೆಯಿಂದ ನನಗೆ ಚೆನ್ನಾಗಿ ಪರಿಚಯ. ಮಜ್ಜಿಗೆ ಅರ್ಧಕ್ಕೇ ಬಿಟ್ಟು ಬಂದೆ.

ಜೂನ್ 8, ಭಾನುವಾರ

ಬೈರೇಶನ ಮನೆಗೆ ಹೋಗಿಬಂದೆ. ತಾಯಮ್ಮ ಜೊತೆಗೆ ಬಂದಳು, ಓಣಿ ದಾಟುವಾಗ ಬೆನ್ನಿಗೆ ಕೈ ಕೊಟ್ಟಳು. ಐದು ದಿನದಲ್ಲಿ ಅದೇ ಮೊದಲು.

ಕುರ್ಚಿ ಹಾಕಿದರು. ಕೂತರೆ ಹೇಳಲು ಆಗುವುದಿಲ್ಲ ಅನ್ನಿಸಿ ವಾಕರ್ ಹಿಡಿದು ನಿಂತೇ ಹೇಳಿದೆ. ಹೇಳಿ ಮುಗಿಯುವವರೆಗೆ ಬೈರೇಶ ಅಲುಗಲಿಲ್ಲ. ಆಮೇಲೆ ಎದ್ದು ಹೋಗಿ ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತ.

"ನಿಮ್ ಕಾಲ್ ಮುರಿದ್ ದಿನ ನಾನು ಎತ್ಕೊಂಡು ಹೋಗಿದ್ದು ಸಾರ್ ಆಸ್ಪತ್ರೆಗೆ" ಎಂದ. ಅಷ್ಟೇ.

ಅದನ್ನು ನಾನು ಈ ಪುಸ್ತಕದಲ್ಲಿ ಬರೆದೇ ಇರಲಿಲ್ಲ. ಈಗ ನೋಡಿದೆ. ನುಗ್ಗೆಕಾಯಿಯ ಲೆಕ್ಕ ಬರೆದಿದ್ದೇನೆ, ಅದನ್ನು ಬರೆದಿಲ್ಲ.

ಮುನಿಲಕ್ಷ್ಮಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಅವ್ಳಿಗೆ ಹುಡುಗ ಇಷ್ಟ ಆಗಿದ್ದ ಸಾರ್. ಯಾವತ್ತೂ ಬಾಯ್ಬಿಟ್ಟು ಏನೂ ಕೇಳ್ದೋಳಲ್ಲ, ಇದೊಂದು ಕೇಳಿದ್ಲು."

ಅಕ್ಷತ ಒಳಬಾಗಿಲಲ್ಲಿ ನಿಂತಿದ್ದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತೇನೋ.

"ದೊಡ್ಡಪ್ಪ, ಒಂದ್ ಕೇಳ್ಲಾ? ಸಾಯಂಕಾಲದ್ದು ಅಂತ ಗೊತ್ತಾಯ್ತು, ಅದುಕ್ಕೆ ತಪ್ಪಾಯ್ತು ಅಂತ ಬಂದಿದೀರ. ನಿಜವಾಗ್ಲೂ ಬೆಳಗ್ಗೆನೇ ಆಗಿದ್ರೆ?"

ನಾನು ವಾಕರಿನ ಹಿಡಿ ಬದಲಿಸಿದೆ.

"ಮುಂದಿನ್ ವಾರದಿಂದ ನಂಗೆ ನೈಟ್ ಶಿಫ್ಟು. ದಿನಾ ಬೆಳಗ್ಗೆನೇ ಬರೋದು, ವ್ಯಾನಲ್ಲೋ ಬೈಕಲ್ಲೋ. ಆಗ ತೆಗ್ದಿದ್ರೆ ಫೋಟೋ ಸರಿ ಇರೋದು, ಟೈಮೂ ಸರಿ ಇರೋದು. ಆಗ ಬರ್ತಿದ್ರಾ ನಮ್ಮನೆಗೆ?"

ಇಲ್ಲ. ಬರುತ್ತಿರಲಿಲ್ಲ. ಅಲ್ಲಿ ಹೇಳಲು ಆಗಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

"ಬೈಕಲ್ಲಿ ಬಂದೋನ ಹೆಸರೇನು ಅಂತ ಕೇಳ್ಬೇಕು ಅನ್ನಿಸ್ತಿದೆ ಅಲ್ವಾ?"

ಅನ್ನಿಸುತ್ತಿತ್ತು. ಆ ಹೊತ್ತಿನಲ್ಲೂ ಅನ್ನಿಸುತ್ತಿತ್ತು.

"ಹೇಳಲ್ಲ" ಎಂದು ಒಳಗೆ ಹೋದಳು.

ಜೂನ್ 12, ಗುರುವಾರ

ಗೋಡೆಯ ಮೇಲೆ ಸಾರು ಇಲ್ಲ. ಇರಲೂಬಾರದು. ತಾಯಮ್ಮ ಇವತ್ತು ಅವರೇಬೇಳೆ ಸಾರು ಮಾಡಿ ಒಂದು ಬಟ್ಟಲು ಆ ಕಡೆ ಇಟ್ಟುಬಂದಳು. ಸಾಯಂಕಾಲ ಬಟ್ಟಲು ಖಾಲಿಯಾಗಿ, ತೊಳೆದು, ಬೋರಲು ಹಾಕಿತ್ತು.

ನೋಟ್‌ಬುಕ್ಕಿಗೆ ಎರಡು ಕಾಲಂ ಸೇರಿಸಿದೆ. ಒಂದು ಕ್ಲೋಸಿಂಗ್ ನಂಬರಿಗೆ, ಇನ್ನೊಂದು ತಾಯಮ್ಮನ ಹೆಸರಿಗೆ. ಸಾಯಂಕಾಲದ ಡ್ಯೂಟಿ ಅವಳದು. ಅವಳ ಫೋಟೋಗಳೇ ಚೆನ್ನಾಗಿ ಬರುತ್ತವೆ. ಹಕ್ಕಿ ಬರುವವರೆಗೆ ಅವಳಿಗೆ ಅವಸರವಿಲ್ಲ, ಬರದಿದ್ದರೆ ಕೋಪವಿಲ್ಲ.

ದಾಸವಾಳದ ಮೋಟುಗಳಲ್ಲಿ ಚಿಗುರು. ಹರಿದ ಗೂಡಿನ ನಾರನ್ನು ಹೆಣ್ಣು ಸೂರಕ್ಕಿ ಒಂದೊಂದೇ ಎಳೆದುಕೊಂಡು ಬೇರೆಲ್ಲಿಗೋ ಒಯ್ಯುತ್ತಿದೆ. ಎಲ್ಲಿಗೆ ಎಂದು ಕಾಣುವುದಿಲ್ಲ.

ಜೂನ್ 18, ಬುಧವಾರ

ಬೆಳಗ್ಗೆ ಆರಕ್ಕೆ ಕೂತೆ. ಬಿಳಿ ಮೋಡ, ಆದರೆ ಬೆಳಕು ಚೆನ್ನಾಗಿತ್ತು. ಗಂಡು ಸೂರಕ್ಕಿ ಚಿಗುರಿನ ಮೇಲೆ ಬಂದು ಕೂತಿತು. ಇಷ್ಟು ಹತ್ತಿರ ಎಂದೂ ಬಂದಿರಲಿಲ್ಲ. ಗುಂಡಿಯ ಮೇಲೆ ಬೆರಳಿಟ್ಟು ಉಸಿರು ಹಿಡಿದೆ.

ಓಣಿಯಲ್ಲಿ ಬೈಕು ನಿಂತ ಸದ್ದಾಯಿತು. ಅಕ್ಷತ ಇಳಿದಳು. ಹೆಲ್ಮೆಟ್ಟಿನ ಹುಡುಗ ತಿರುಗಿಸಿಕೊಂಡು ಹೋದ. ಅವಳು ಗೇಟು ತೆರೆಯಲಿಲ್ಲ. ಚೀಲ ಕೆಳಗಿಟ್ಟು, ನೇರ ನಮ್ಮ ಕಿಟಕಿಯ ಕಡೆ ತಿರುಗಿ ನಿಂತಳು. ನಿದ್ದೆಗೆಟ್ಟ ಮುಖ, ಕೂದಲು ಕೆದರಿತ್ತು. ಸೂರಕ್ಕಿಯ ಹಿಂದೆ ಲೆನ್ಸಿನಲ್ಲಿ ಪೂರ್ತಿ ಕಾಣುತ್ತಿದ್ದಳು.

"ದೊಡ್ಡಪ್ಪಾ! ಬೆಳಗ್ಗೆ ಆರು ಇಪ್ಪತ್ತು. ಬರ್ಕೊಳ್ಳಿ. ಫೋಟೋನೂ ತಕ್ಕೊಳ್ಳಿ, ನಿಂತ್ಕೊಂಡಿದೀನಿ."

ಓಣಿಯ ಮನೆಗಳಲ್ಲಿ ಎರಡು ಕಿಟಕಿ ತೆರೆದವು. ಅವಳು ಕದಲಲಿಲ್ಲ.

ನಾಚಿಕೆಯಾಯಿತು. ಅರವತ್ತೊಂದು ವರ್ಷಕ್ಕೆ, ಕಪ್ಪು ಸೀರೆಯ ಹಿಂದೆ ಉಸಿರು ಬಿಗಿಹಿಡಿದು ಕೂತಿದ್ದೇನಲ್ಲ ಎಂದು ಮೈಯೆಲ್ಲ ನಾಚಿಕೆಯಾಯಿತು. ಕ್ಯಾಮೆರಾವನ್ನು ಪಕ್ಕಕ್ಕಿಟ್ಟು ಸೀರೆಯನ್ನು ಹಿಡಿದು ಎಳೆದೆ, ಮೊಳೆಯ ಸಮೇತ ಬಂತು. ಸೂರಕ್ಕಿ ಹಾರಿಹೋಯಿತು. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಮಧ್ಯದಲ್ಲಿ ಕ್ಯಾಮೆರಾ ಇರಲಿಲ್ಲ.

"ಕಾಫಿ ಕುಡ್ಕೊಂಡು ಹೋಗಮ್ಮಾ" ಎಂದೆ.

"ನಿದ್ದೆ ಬರ್ತಿದೆ" ಎಂದಳು. ಚೀಲ ಎತ್ತಿಕೊಂಡು, ಗೇಟು ತೆರೆದು ಒಳಗೆ ಹೋದಳು. ಗೇಟನ್ನು ದಢಾರೆಂದು ಹಾಕಲಿಲ್ಲ, ಮೆಲ್ಲಗೂ ಹಾಕಲಿಲ್ಲ.

ಓಪನಿಂಗ್ 604. ಕ್ಲೋಸಿಂಗ್ 604.